ಮಿಜಾಜಿನಿಂದ ಹಾರ್ಮೋನಿನವರೆಗೆ: ಮನೋರೋಗಿಯ ಗುಣಕ್ಕೆ ಕಾರಣ ಹುಡುಕಿದ ಚರಿತ್ರೆ

ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳದ ದಾರಿಯಾಗಿ ಮಣಿಪಾಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆಸ್ಪತ್ರೆಯ ಫೈಲು ಹಿಡಿದ ನಾಲ್ಕಾರು ಮಂದಿ ಯಾವತ್ತೂ ಇರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಬಸ್ಸಿನಲ್ಲಿ ಪರಿಚಯದ ತಾಯಿಯೊಬ್ಬರು ನನ್ನ ಎದುರಿನ ಸೀಟಿನಲ್ಲಿ ಸಿಕ್ಕಿದರು. ಕಿಟಕಿಯ ಬದಿಯಲ್ಲಿ ಅವರ ಮಗ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ವಿದ್ಯಾರ್ಥಿಯಾಗಿದ್ದವನು. ಆರೇಳು ತಿಂಗಳಿಂದ ಅವನು ಮನೆಯಲ್ಲಿ ಸುಳ್ಳು ಹೇಳಿ ಹಣ ಒಯ್ಯುವುದು, ಕಂಡ ಕಂಡವರ ಮೇಲೆ ಕೈ ಮಾಡುವುದು, ರಾತ್ರಿಯಿಡೀ ಬೈಕಿನಲ್ಲಿ ಅಲೆಯುವುದು ಎಲ್ಲವೂ ಊರಿಗೆ ಗೊತ್ತಿತ್ತು. ಕೆಲವರು ಮಂಡೆ ಸರಿ ಇಲ್ಲ ಎಂದರು. ಕೆಲವರು ಶೈತಾನ್ ಹೊಕ್ಕಿದೆ ಎಂದರು. ಹೆಚ್ಚಿನವರು ಹುಡುಗನೇ ಕೆಟ್ಟವನು ಎಂದು ಮಾತು ಮುಗಿಸಿದ್ದರು. ಆ ತಾಯಿ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: "ಮಾಸ್ಟ್ರೇ, ರಕ್ತದಲ್ಲಿ ಹಾರ್ಮೋನ್ ಪರೀಕ್ಷೆ ಮಾಡುತ್ತಾರಂತೆ. ಇವನ ಗುಣ ಯಾಕೆ ಹೀಗಾಯಿತು ಅಂತ ಅದರಲ್ಲಿ ಬರೆದು ಬರುತ್ತದಾ?"

ಆಗ ನನಗೆ ಸರಿಯಾದ ಉತ್ತರ ತೋಚಲಿಲ್ಲ. ಆಮೇಲೆ ಓದಿ ನೋಡಿದಾಗ ಆ ಪ್ರಶ್ನೆಗೆ ಸಾವಿರಾರು ವರ್ಷಗಳ ಇತಿಹಾಸವಿದೆ ಎಂಬುದು ತಿಳಿಯಿತು. ಅದರ ಒಂದು ಭಾಗವನ್ನು, ವಿಶೇಷವಾಗಿ ವಿದ್ಯಾರ್ಥಿಗಳಿಗಾಗಿ, ಇಲ್ಲಿ ಬರೆಯುತ್ತಿದ್ದೇನೆ.

ಮಿಜಾಜ್ ಎಂಬ ಪದ ನಮ್ಮ ಉರ್ದು ಮಾತಿನ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಕ್ಷೇಮ ಕೇಳುವಾಗಲೂ ಅದೇ ಪದ, ಸಿಡುಕನನ್ನು ಬಯ್ಯುವಾಗಲೂ ಅದೇ ಪದ. ಅರಬಿಯಲ್ಲಿ ಅದರ ಮೂಲ ಅರ್ಥ ಮಿಶ್ರಣ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ಶರೀರದಲ್ಲಿ ಯಾವ ಪ್ರಮಾಣದಲ್ಲಿ ಬೆರೆತಿವೆಯೋ ಅದರಂತೆ ಮನುಷ್ಯನ ಸ್ವಭಾವ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಇಬ್ನ್ ಸೀನಾ 11ನೇ ಶತಮಾನದ ತಮ್ಮ ಅಲ್-ಖಾನೂನ್ ಗ್ರಂಥದಲ್ಲಿ ವಿಸ್ತರಿಸಿದರು. ಹಳದಿ ಪಿತ್ತ ಹೆಚ್ಚಾದರೆ ಕೋಪ, ಕಪ್ಪು ಪಿತ್ತ ಹೆಚ್ಚಾದರೆ ವಿಷಾದ. ಪಿತ್ತ ನೆತ್ತಿಗೇರಿದೆ ಎಂದು ನಾವು ಕನ್ನಡದಲ್ಲಿ ಹೇಳುವಾಗಲೂ ಇದೇ ರೀತಿಯ ನಂಬಿಕೆ ಮಾತಾಡುತ್ತಿರುತ್ತದೆ. ಇಬ್ನ್ ಸೀನಾರಿಗಿಂತ ಮೊದಲೇ, 9-10ನೇ ಶತಮಾನದಲ್ಲಿ, ಅಬೂ ಝೈದ್ ಅಲ್-ಬಲ್ಖಿ ಶರೀರದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಪುಸ್ತಕದಲ್ಲಿ ಎರಡು ಭಾಗ ಮಾಡಿ ಬರೆದಿದ್ದರು. ಬರಿಯ ರಸದಿಂದ ಬರುವ ದುಃಖ ಬೇರೆ, ಬದುಕಿನ ನಷ್ಟದಿಂದ ಬರುವ ದುಃಖ ಬೇರೆ ಎಂದು ಅವರು ಗುರುತಿಸಿದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಡಮಾಸ್ಕಸ್‌ನ ನೂರಿ ಬೀಮಾರಿಸ್ತಾನ್ (1154), ಕೈರೋದ ಖಲಾವೂನ್ ಆಸ್ಪತ್ರೆ (1284), ಎಡಿರ್ನೆಯಲ್ಲಿ ಎರಡನೇ ಬಯಝೀದ್ ಕಟ್ಟಿಸಿದ ಆಸ್ಪತ್ರೆ (1488) ಇವುಗಳ ಬಗ್ಗೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಹೆಮ್ಮೆಯ ಲೇಖನಗಳು ಬರುತ್ತಿರುತ್ತವೆ. ಹೆಮ್ಮೆ ಸರಿಯೇ. ಆದರೆ 1184ರಲ್ಲಿ ಡಮಾಸ್ಕಸ್ ನೋಡಿದ ಪ್ರವಾಸಿ ಇಬ್ನ್ ಜುಬೈರ್ ಅಲ್ಲಿನ ಮನೋರೋಗಿಗಳನ್ನು ಸಂಕೋಲೆಯಲ್ಲಿ ಕಟ್ಟಿದ್ದರೆಂಬುದನ್ನೂ ದಾಖಲಿಸಿದ್ದಾರೆ. ನಮ್ಮ ಲೇಖನಗಳು ಆ ಸಾಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಸಂಕೋಲೆಯ ವಿಷಯಕ್ಕೆ ನಾನು ಮತ್ತೆ ಬರುತ್ತೇನೆ.

ಭ್ರಮೆಯಿಲ್ಲ, ಜ್ಞಾಪಕ ಸರಿಯಿದೆ, ಬುದ್ಧಿ ಚುರುಕಾಗಿದೆ. ಆದರೂ ಒಬ್ಬ ಮನುಷ್ಯ ಪರರ ನೋವಿಗೆ ಕರಗುವುದಿಲ್ಲ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಇಂಥವನು ರೋಗಿಯೋ, ದುಷ್ಟನೋ? ಈ ಪ್ರಶ್ನೆ ಯುರೋಪಿನ ವೈದ್ಯರನ್ನು 19ನೇ ಶತಮಾನದುದ್ದಕ್ಕೂ ಕಾಡಿತು. ಫ್ರಾನ್ಸಿನ ಪಿನೆಲ್ ಅದನ್ನು ಭ್ರಮೆಯಿಲ್ಲದ ಉನ್ಮಾದ ಎಂದರು. ಇಂಗ್ಲೆಂಡಿನ ಪ್ರಿಚರ್ಡ್ 1835ರಲ್ಲಿ ನೈತಿಕ ಹುಚ್ಚು ಎಂದು ಹೆಸರಿಟ್ಟರು. ಇಟಲಿಯ ಲೊಂಬ್ರೋಸೊ 1876ರಲ್ಲಿ ಇನ್ನೂ ಮುಂದೆ ಹೋಗಿ, ಹುಟ್ಟು ಅಪರಾಧಿಗಳು ಇರುತ್ತಾರೆ, ಅವರನ್ನು ತಲೆಬುರುಡೆ ಮತ್ತು ಮುಖಚಹರೆಯಿಂದಲೇ ಗುರುತಿಸಬಹುದು ಎಂದರು. ಅದು ತಪ್ಪೆಂದು ನಂತರ ತೀರ್ಮಾನವಾಯಿತು. ಅಷ್ಟರಲ್ಲಿ ಅಂಥದೇ ಯೋಚನೆ ನಮ್ಮ ದೇಶದಲ್ಲಿ ಕಾನೂನೇ ಆಗಿಬಿಟ್ಟಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟ್ ಇತ್ತು. 1952ರಲ್ಲಿ ಆ ಕಾಯ್ದೆ ಹೋಯಿತು, ಹಣೆಪಟ್ಟಿ ಮಾತ್ರ ಬಹಳ ಕಾಲ ಹೋಗಲಿಲ್ಲ.

ಹಾರ್ಮೋನಿನ ಕಥೆ ಶುರುವಾಗುವುದು ತುಳುನಾಡಿನವರಿಗೆ ಚೆನ್ನಾಗಿ ಅರ್ಥವಾಗುವ ಜಾಗದಿಂದ, ಅಂದರೆ ಹುಂಜದಿಂದ. ಕೋಳಿ ಅಂಕ ನೋಡಿದವರಿಗೆ ಹುಂಜದ ಕೆಚ್ಚು ಏನೆಂದು ಹೇಳಬೇಕಾಗಿಲ್ಲ. 1849ರಲ್ಲಿ ಜರ್ಮನಿಯ ಗಾಟಿಂಗೆನ್ ಎಂಬಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಆರು ಎಳೆ ಹುಂಜಗಳ ಮೇಲೆ ಪ್ರಯೋಗ ಮಾಡಿದರು. ವೃಷಣ ತೆಗೆದ ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಕಾದಾಡಲೂ ಇಲ್ಲ. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ನೆಟ್ಟ ಹುಂಜಗಳು ಮಾತ್ರ ಮಾಮೂಲಿನಂತೆ ಕೂಗಿದವು, ಕಾದಾಡಿದವು. ನರದ ಸಂಬಂಧ ಕಡಿದಿದ್ದರೂ ರಕ್ತದ ಮೂಲಕ ಏನೋ ಒಂದು ಹೋಗಿ ಗುಣವನ್ನು ಬದಲಿಸುತ್ತದೆ ಎಂಬುದಕ್ಕೆ ಇದು ಪುರಾವೆ. ಆ ಏನೋ ಒಂದಕ್ಕೆ 1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರನ್ನು ಬಳಕೆಗೆ ತಂದರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಹುಂಜದ ಕೆಚ್ಚಿನ ಹಿಂದಿದ್ದ ಟೆಸ್ಟೋಸ್ಟಿರಾನ್ ಶುದ್ಧ ರೂಪದಲ್ಲಿ ಸಿಕ್ಕಿದ್ದು 1935ರಲ್ಲಿ.

ಈ ನಡುವೆ ಉತ್ಸಾಹ ಹುಚ್ಚುಹೊಳೆಯಂತೆ ಹರಿಯಿತು. 1889ರಲ್ಲಿ 72 ವರ್ಷದ ಬ್ರೌನ್-ಸೆಕಾರ್ ಎಂಬ ಪ್ರಸಿದ್ಧ ವೈದ್ಯರು ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ರಸವನ್ನು ತಮಗೆ ತಾವೇ ಚುಚ್ಚಿಕೊಂಡು ಯೌವನ ಮರಳಿತೆಂದು ಪ್ಯಾರಿಸ್ಸಿನಲ್ಲಿ ಸಾರಿದರು. ನೀರಿನಲ್ಲಿ ಕದಡಿದ ಆ ರಸದಲ್ಲಿ ಹಾರ್ಮೋನಿನ ಅಂಶ ನಗಣ್ಯ. ಮರಳಿದ್ದು ನಂಬಿಕೆ ಮಾತ್ರ. ಅಮೆರಿಕದ ಸ್ಯಾನ್ ಕ್ವೆಂಟಿನ್ ಜೈಲಿನ ವೈದ್ಯ ಲಿಯೋ ಸ್ಟಾನ್ಲಿ 1918ರಿಂದ ಮುಂದಕ್ಕೆ ಮರಣದಂಡನೆಗೊಳಗಾದವರ ವೃಷಣವನ್ನು, ನಂತರ ಪ್ರಾಣಿಗಳ ಗ್ರಂಥಿಯನ್ನು ಕೈದಿಗಳ ಶರೀರಕ್ಕೆ ಸೇರಿಸುತ್ತಾ ಹೋದರು. ಅಪರಾಧವೆಂಬುದು ಗ್ರಂಥಿಯ ದೋಷ, ಗ್ರಂಥಿ ಸರಿಯಾದರೆ ಕಳ್ಳನೂ ಸರಿಯಾಗುತ್ತಾನೆ ಎಂಬುದು ಆ ಕಾಲದ ಗಾಳಿ. 1924ರಲ್ಲಿ ಷಿಕಾಗೊದ ಇಬ್ಬರು ಶ್ರೀಮಂತ ವಿದ್ಯಾರ್ಥಿಗಳು, ಲಿಯೊಪೋಲ್ಡ್ ಮತ್ತು ಲೋಬ್, ಒಬ್ಬ ಬಾಲಕನನ್ನು ಕೊಂದಾಗ ಅವರ ಪರವಾಗಿ ನಿಂತ ತಜ್ಞರು ಪಿಟ್ಯುಟರಿ ಮೊದಲಾದ ನಿರ್ನಾಳ ಗ್ರಂಥಿಗಳ ದೋಷವನ್ನು ಎಕ್ಸರೇ ಸಮೇತ ಮುಂದಿಟ್ಟರು. ನ್ಯಾಯಾಧೀಶರು ಗಲ್ಲು ತಪ್ಪಿಸಿದ್ದು ನಿಜ, ಆದರೆ ಗ್ರಂಥಿಯ ಕಾರಣಕ್ಕಲ್ಲ. ಅಪರಾಧಿಗಳ ಎಳೆಯ ವಯಸ್ಸು ನೋಡಿ.

ಇನ್ನು ನಮ್ಮ ನಾಡಿಗೆ ಬರೋಣ. ಕಾರ್ಕಳ, ಕಾಪು, ಉಡುಪಿ ಇವೆಲ್ಲ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಊರುಗಳು. ಆ ಪ್ರಾಂತ್ಯದಲ್ಲಿ ಇಲ್ಲಿನವರಿಗೆ ಹತ್ತಿರವಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆ ಎಂದರೆ 1872ರಲ್ಲಿ ಶುರುವಾದ ಕಲ್ಲಿಕೋಟೆಯ ಆಸ್ಪತ್ರೆ. ಅಷ್ಟು ದೂರ ಹೋಗಲಾರದವರು ಮನೆಯ ಕೊಟ್ಟಿಗೆಯ ಕಂಬ, ಮಂತ್ರವಾದಿಯ ಅಂಗಳ ಇವುಗಳ ನಡುವೆ ಬದುಕು ಮುಗಿಸುತ್ತಿದ್ದರು.

ಘಟ್ಟದ ಮೇಲೆ ಮೈಸೂರು ಸಂಸ್ಥಾನದಲ್ಲಿ ಸ್ಥಿತಿ ಸ್ವಲ್ಪ ಭಿನ್ನ. 19ನೇ ಶತಮಾನದ ನಡುವಿನಿಂದಲೇ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯಿತ್ತು. 1925ರಲ್ಲಿ ಅದರ ಹೆಸರಿನಿಂದ ಹುಚ್ಚು ಎಂಬ ಮಾತನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಆಸ್ಪತ್ರೆಗೆ ಈಗ ನಿಮ್ಹಾನ್ಸ್ ಇರುವ ಕಡೆ ವಿಶಾಲವಾದ ಹೊಸ ಕಟ್ಟಡಗಳಾದವು. ಅಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಒಂದು ಹಾರ್ಮೋನನ್ನು ಮನೋರೋಗಿಗಳ ಮೇಲೆ ಪ್ರಯೋಗಿಸಿ 1939ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬರೆದರು. ಆ ಹಾರ್ಮೋನು ಬೇರೇನಲ್ಲ, ಇವತ್ತು ನಮ್ಮಲ್ಲಿ ಮನೆಗೊಬ್ಬರಂತೆ ಚುಚ್ಚಿಕೊಳ್ಳುವ ಇನ್ಸುಲಿನ್.

ಇನ್ಸುಲಿನ್ 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸಿಕ್ಕಿತು. 1933ರ ಹೊತ್ತಿಗೆ ವಿಯೆನ್ನಾದ ಮ್ಯಾನ್‌ಫ್ರೆಡ್ ಸಾಕೆಲ್ ಅದನ್ನು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಡಲಾರಂಭಿಸಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಪ್ರಮಾಣದ ಇನ್ಸುಲಿನ್ ಚುಚ್ಚಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ರೋಗಿ ಬೆವರುತ್ತಾನೆ, ನಡುಗುತ್ತಾನೆ, ಪ್ರಜ್ಞೆ ತಪ್ಪುತ್ತಾನೆ. ನಿಗದಿತ ಹೊತ್ತಿನ ನಂತರ ಮೂಗಿನ ನಳಿಕೆಯಿಂದಲೋ ರಕ್ತನಾಳದಿಂದಲೋ ಗ್ಲೂಕೋಸ್ ಕೊಟ್ಟು ಎಬ್ಬಿಸುತ್ತಾರೆ. ಮರುದಿನ ಮತ್ತೆ ಹೀಗೆಯೇ, ವಾರಗಟ್ಟಲೆ. ಎದ್ದವರಲ್ಲಿ ಹಲವರು ಶಾಂತರಾಗುತ್ತಿದ್ದರು, ಮಾತಾಡುತ್ತಿದ್ದರು. ಕೆಲವರು ಏಳುತ್ತಲೇ ಇರಲಿಲ್ಲ. ಜಗತ್ತಿನಾದ್ಯಂತ ಇಪ್ಪತ್ತು ವರ್ಷ ಇದು ಅತ್ಯಾಧುನಿಕ ಚಿಕಿತ್ಸೆಯಾಗಿತ್ತು.

1953ರಲ್ಲಿ ಹೆರಾಲ್ಡ್ ಬೋರ್ನ್ ಎಂಬ ಕಿರಿಯ ಬ್ರಿಟಿಷ್ ವೈದ್ಯ ಅದೇ ಲ್ಯಾನ್ಸೆಟ್‌ನಲ್ಲಿ ಇದೊಂದು ಕಟ್ಟುಕಥೆ ಎಂದು ಬರೆದು ಹಿರಿಯರಿಂದ ಬಯ್ಸಿಕೊಂಡರು. 1957ರಲ್ಲಿ ಲಂಡನ್ನಿನಲ್ಲಿ ಪರೀಕ್ಷೆಯೇ ನಡೆಯಿತು. ಒಂದು ಗುಂಪಿಗೆ ಇನ್ಸುಲಿನ್‌ನಿಂದ, ಇನ್ನೊಂದು ಗುಂಪಿಗೆ ನಿದ್ರೆಯ ಮದ್ದಿನಿಂದ ಪ್ರಜ್ಞೆ ತಪ್ಪಿಸಿದರು. ಆರೈಕೆ ಇಬ್ಬರಿಗೂ ಒಂದೇ ಬಗೆ. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಗುಣವಾದವರು ಯಾತರಿಂದ ಗುಣವಾದರು? ಇನ್ಸುಲಿನ್ ವಾರ್ಡಿಗೆ ಬೇರೆ ವಾರ್ಡುಗಳಿಗಿಂತ ಹೆಚ್ಚು ನರ್ಸುಗಳಿರುತ್ತಿದ್ದರು. ರೋಗಿಯ ಪಕ್ಕದಲ್ಲಿ ಗಂಟೆಗಟ್ಟಲೆ ಯಾರೋ ಕೂತಿರುತ್ತಿದ್ದರು, ಎದ್ದ ಕೂಡಲೇ ಊಟ, ಮಾತು, ಆಟ. ವರ್ಷಗಳಿಂದ ಯಾರೂ ಮುಟ್ಟದೆ ಬಿಟ್ಟಿದ್ದವರನ್ನು ದಿನಾ ಯಾರೋ ಹೆಸರು ಹಿಡಿದು ಎಬ್ಬಿಸುತ್ತಿದ್ದರು. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇದು.

ಹಾಗೆಂದು ಹಾರ್ಮೋನಿಗೂ ಮನಸ್ಸಿಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ಥೈರಾಯ್ಡ್ ಗ್ರಂಥಿ ಇದಕ್ಕೆ ಸ್ಪಷ್ಟ ಉದಾಹರಣೆ. 1949ರಲ್ಲಿ ಲಂಡನ್ನಿನ ರಿಚರ್ಡ್ ಆಶರ್ ಥೈರಾಯ್ಡ್ ಕುಂದಿದ 14 ಮನೋರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಅನುಮಾನ, ಭ್ರಮೆ, ಉದ್ರೇಕ ಎಲ್ಲವೂ ಇತ್ತು. ಥೈರಾಯ್ಡ್ ಸಾರ ಕೊಟ್ಟಾಗ 9 ಮಂದಿ ಪೂರ್ಣ ಗುಣವಾದರು. ಮನೋವೈದ್ಯರು ಇಂದು ಥೈರಾಯ್ಡ್ ಪರೀಕ್ಷೆ ಬರೆದುಕೊಡುವುದರ ಹಿಂದೆ ಇಂಥ ಅನುಭವವಿದೆ. ಅಸ್ತಮಾ, ಸಂಧಿವಾತಗಳಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆ ಹೆಚ್ಚಿನ ಪ್ರಮಾಣದಲ್ಲಿ ಕೆಲವರ ಮನಸ್ಸನ್ನು ಕದಡುವುದೂ ವೈದ್ಯರಿಗೆ ಗೊತ್ತಿರುವ ವಿಷಯ.

ಸಮಾಜವಿರೋಧಿ ವ್ಯಕ್ತಿತ್ವದ ವಿಷಯ ಇಷ್ಟು ಸರಳವಿಲ್ಲ. ಪತ್ರಿಕೆಗಳಲ್ಲಿ ಸಮಾಜಘಾತುಕ ಶಕ್ತಿ ಎಂದು ಓದುತ್ತೇವಲ್ಲ, ಅದು ಪೊಲೀಸರ ಭಾಷೆ. ಜನರೊಡನೆ ಬೆರೆಯದವನನ್ನು ಹಾಗೆ ಕರೆಯುವುದೂ ತಪ್ಪು. ಅಮೆರಿಕದ ಮನೋವೈದ್ಯ ಸಂಘ 1980ರಲ್ಲಿ ಹೊರತಂದ ಕೈಪಿಡಿಯಿಂದೀಚೆಗೆ ಇದಕ್ಕೆ ನಿಖರವಾದ ಲಕ್ಷಣಗಳಿವೆ: ಪರರ ಹಕ್ಕನ್ನು ಸತತವಾಗಿ ತುಳಿಯುವುದು, ಮೋಸ, ದುಡುಕು, ಪಶ್ಚಾತ್ತಾಪವಿಲ್ಲದಿರುವುದು. 18 ತುಂಬದವರಿಗೆ ಈ ಹೆಸರು ಕೊಡುವಂತಿಲ್ಲ. ಜೊತೆಗೆ 15ಕ್ಕಿಂತ ಮೊದಲೇ ಅಂಥ ನಡವಳಿಕೆ ಶುರುವಾಗಿದ್ದಕ್ಕೆ ಆಧಾರ ಬೇಕು. ಈ ವಯಸ್ಸಿನ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1987ರಲ್ಲಿ ಜೇಮ್ಸ್ ಡ್ಯಾಬ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 89 ಕೈದಿಗಳ ಎಂಜಲು ಪರೀಕ್ಷಿಸಿ, ಹಿಂಸೆಯ ಅಪರಾಧ ಮಾಡಿದವರಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚು ಎಂದರು. 2000ದಲ್ಲಿ ಇನ್ನೊಂದು ತಂಡ, ಚಿಕಿತ್ಸೆಗೆ ಬಂದ 38 ಹುಡುಗರಲ್ಲಿ ಆಕ್ರಮಣಶೀಲತೆ ಹೆಚ್ಚಿದ್ದವರಿಗೆ ಕಾರ್ಟಿಸಾಲ್ ಕಡಿಮೆ ಎಂದು ಕಂಡಿತು. ಕಾರ್ಟಿಸಾಲ್ ಎಂಬುದು ಒತ್ತಡದ ವೇಳೆ ಏರುವ ಹಾರ್ಮೋನು. ಅದು ಕಡಿಮೆಯೆಂದರೆ ಭಯ ಕಡಿಮೆ ಎಂದು ತರ್ಕ. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂಬ ಜೋಡಿಯೇ ಕಾರಣವೆಂಬ ವಾದವೂ ಹುಟ್ಟಿತು. ಮುಂದಿನ ಅಧ್ಯಯನಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಟೆಸ್ಟೋಸ್ಟಿರಾನ್ ಮತ್ತು ಆಕ್ರಮಣದ ನಡುವಿನ ಸಹಸಂಬಂಧ 2001ರ ಲೆಕ್ಕದಲ್ಲಿ 0.14, 2005ರ ಮರುಲೆಕ್ಕದಲ್ಲಿ 0.08. ಪೂರ್ಣ ಸಂಬಂಧವಿದ್ದರೆ ಈ ಅಂಕಿ 1 ಆಗಬೇಕಿತ್ತು. ಅಂದರೆ ಒಬ್ಬನ ರಕ್ತ ನೋಡಿ ಅವನ ನಡತೆ ಹೇಳುವುದು ಸಾಧ್ಯವಿಲ್ಲ.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದೂ ಗೊಂದಲವೇ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲಿನಲ್ಲಿ ಬ್ರೆಜಿಲ್ ಇಟಲಿಯನ್ನು ಸೋಲಿಸಿದಾಗ ಟಿವಿ ನೋಡುತ್ತಾ ಕುಳಿತಿದ್ದ ಬ್ರೆಜಿಲ್ ಅಭಿಮಾನಿಗಳ ಟೆಸ್ಟೋಸ್ಟಿರಾನ್ ಏರಿತ್ತು, ಇಟಲಿಯವರದ್ದು ಇಳಿದಿತ್ತು. ಅವರ್ಯಾರೂ ಚೆಂಡು ಮುಟ್ಟಿದವರಲ್ಲ! ಜಿಮ್ಮಿಗೆ ಹೋಗುವ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಸಂಗತಿ: 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಪಡೆದ 50 ಪುರುಷರ ಪೈಕಿ 42 ಮಂದಿಯ ಮನಸ್ಸಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. 6 ಮಂದಿಯಲ್ಲಿ ಅಲ್ಪ, ಇಬ್ಬರಲ್ಲಿ ತೀವ್ರ ಉದ್ರೇಕ ಕಂಡಿತು. ಆ ಇಬ್ಬರಲ್ಲಿ ತಾನೊಬ್ಬನಾಗುವೆನೋ ಎಂಬುದು ಚುಚ್ಚಿಸಿಕೊಳ್ಳುವ ಮೊದಲು ಯಾರಿಗೂ ಗೊತ್ತಾಗುವುದಿಲ್ಲ.

ಡ್ಯಾಬ್ಸ್ ಅವರೇ 1990ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮಂಥ ಶಿಕ್ಷಣ ಸಂಸ್ಥೆಯವರು ಗಮನಿಸಬೇಕಾದದ್ದು. ಅಮೆರಿಕದ ಸೈನ್ಯದಿಂದ ನಿವೃತ್ತರಾದ 4,462 ಪುರುಷರನ್ನು ನೋಡಿದಾಗ, ಹಾರ್ಮೋನ್ ಹೆಚ್ಚಿದ್ದವರಲ್ಲಿ ಸಮಾಜವಿರೋಧಿ ನಡವಳಿಕೆ ಒಟ್ಟಿನಲ್ಲಿ ಹೆಚ್ಚಿತ್ತು. ಆದರೆ ವಿದ್ಯೆ ಮತ್ತು ಆದಾಯ ಉತ್ತಮವಾಗಿದ್ದವರಲ್ಲಿ ಈ ಸಂಬಂಧ ಬಹಳ ದುರ್ಬಲವಾಗಿತ್ತು. ರಕ್ತದಲ್ಲಿ ಅದೇ ಹಾರ್ಮೋನು, ಬದುಕು ಮಾತ್ರ ಬೇರೆ.

ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ಎಚ್ಚರದಿಂದಿದೆ. ಮತಿಭ್ರಮಣೆಯಿಂದ ತಾನು ಮಾಡುವುದೇನೆಂದು, ಅದು ತಪ್ಪೆಂದು ತಿಳಿಯಲಾರದವನಿಗೆ ಶಿಕ್ಷೆಯಿಲ್ಲ ಎಂದು 1860ರ ದಂಡಸಂಹಿತೆಯ 84ನೇ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿಯೂ ಅದೇ ತತ್ವವಿದೆ. ಫಿಕ್ಹ್‌ನಲ್ಲಿಯೂ ಮಜ್ನೂನ್ ಆದವನ ಮೇಲೆ ಹೊಣೆಯಿಲ್ಲ. ಕೆಟ್ಟ ಸ್ವಭಾವಕ್ಕೆ ಮಾತ್ರ ಎರಡೂ ಕಡೆ ವಿನಾಯಿತಿ ಇಲ್ಲ. ರೋಗಿಗೆ ದುಷ್ಟನ ಹೆಸರು ಕೊಡುವುದೂ, ದುಷ್ಟತನಕ್ಕೆ ರೋಗದ ಹೆಸರು ಕೊಡುವುದೂ ಬೇರೆ ಬೇರೆ ತಪ್ಪುಗಳು. ನಮ್ಮ ಸಮಾಜದಲ್ಲಿ ಮೊದಲನೆಯದೇ ಹೆಚ್ಚು.

ಆ ತಪ್ಪಿನ ಬೆಲೆ ಎಷ್ಟೆಂದು 2001ರ ಆಗಸ್ಟ್ 6ರ ನಸುಕಿನಲ್ಲಿ ಗೊತ್ತಾಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುವ ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿತ್ತು. ರೋಗಿಗಳ ಕಾಲಿಗೆ ಸಂಕೋಲೆ ಬಿಗಿದಿತ್ತು. 28 ಮಂದಿ ಓಡಲಾಗದೆ ಸತ್ತರು. ಅವರೆಲ್ಲ ಒಂದೇ ಮತದವರಾಗಿರಲಿಲ್ಲ. ಅವರನ್ನು ಅಲ್ಲಿ ಬಿಟ್ಟುಹೋದ ಮನೆಯವರಲ್ಲಿ ದ್ವೇಷವಿತ್ತೆಂದೂ ನಾನು ಹೇಳಲಾರೆ. ಬೇರೆ ದಾರಿ ಕಾಣದೆ ಬಿಟ್ಟಿದ್ದರು. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಮು ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸಂಕೋಲೆಯಿಂದ ಕಟ್ಟುವುದನ್ನು ನಿಷೇಧಿಸಿದೆ. ಇಬ್ನ್ ಜುಬೈರ್ ಕಂಡ ಸಂಕೋಲೆಗೂ ಈ ಸಾಲಿಗೂ ನಡುವೆ ಎಂಟುನೂರು ವರ್ಷಗಳಿಗೂ ಹೆಚ್ಚು ಅಂತರ.

ನಮ್ಮ ಭಾಗದವರಿಗೆ ಬೇರೆ ದಾರಿ ಕಾಣದ ಸ್ಥಿತಿ ಈಗಿಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಮೇಲೆ ಮಣಿಪಾಲದ ಬೋಳುಗುಡ್ಡ ದೇಶದ ನಕ್ಷೆಯಲ್ಲಿ ಸೇರಿತು. ಅಲ್ಲಿ ಮನೋವೈದ್ಯ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದಕ್ಕೆಂದೇ ಇದೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಉಚಿತವಾಗಿ ಮಾತಾಡುತ್ತಾರೆ. ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕು ಹೇಳಿ!

ಬಸ್ಸಿನಲ್ಲಿ ಸಿಕ್ಕಿದ ತಾಯಿಯ ಮಗನ ರಿಪೋರ್ಟು ನಾರ್ಮಲ್ ಎಂದು ಬಂತು. ಅವರಿಗೆ ನಿರಾಶೆಯಾಯಿತು, ಕಾಗದದಲ್ಲಿ ದೋಷ ಬಂದಿದ್ದರೆ ತನ್ನ ಸಾಕಣೆಯ ಮೇಲಿನ ದೂರು ತಪ್ಪುತ್ತಿತ್ತೆಂದು ಅವರ ಲೆಕ್ಕ. ಆದರೆ ವೈದ್ಯರು ಬೇರೊಂದು ವಿಷಯ ಕೇಳಿದ್ದರು. ಹದಿನೈದಕ್ಕಿಂತ ಮೊದಲು ಹುಡುಗ ಹೇಗಿದ್ದ, ಶಾಲೆಯಲ್ಲಿ ಅವನನ್ನು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು. ಮುಂದಿನ ಸಲ ಅವರ ಜೊತೆ ನಾನು ಹೋದೆ. ಒಂಬತ್ತನೇ ತರಗತಿಯಲ್ಲಿ ಅವನು ಕ್ಲಾಸ್ ಲೀಡರ್ ಆಗಿದ್ದುದು, ಶಾಲಾ ಪ್ರವಾಸಕ್ಕೆ ಸೇರಿಸಿದ ಹಣವನ್ನು ಎರಡು ದಿನ ತನ್ನ ಬಳಿ ಇಟ್ಟುಕೊಂಡು ಒಂದು ರೂಪಾಯಿಯೂ ಕಡಿಮೆಯಾಗದಂತೆ ತಂದುಕೊಟ್ಟದ್ದು, ಕಾಲು ಮುರಿದ ಸಹಪಾಠಿಯ ಚೀಲವನ್ನು ತಿಂಗಳಿಡೀ ಹೊತ್ತದ್ದು, ನೆನಪಿಗೆ ಬಂದದ್ದೆಲ್ಲ ಹೇಳಿದೆ. ವೈದ್ಯರು ಬರೆದುಕೊಂಡರು. ಇದು ಹುಟ್ಟು ಗುಣವಲ್ಲ, ನಡುವೆ ಬಂದ ಉನ್ಮಾದದ ಕಾಯಿಲೆ ಎಂದು ಅವರು ತಾಯಿಗೆ ವಿವರಿಸಿದಾಗ ಹುಡುಗ ತಲೆ ಎತ್ತಿ ನನ್ನನ್ನು ನೋಡಿದ. ಈಗ ಅವನು ಕಾಪುವಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ತಪ್ಪದೆ ಮಾತ್ರೆ ನುಂಗುತ್ತಾನೆ, ಮೂರು ತಿಂಗಳಿಗೊಮ್ಮೆ ಫೈಲು ಹಿಡಿದು ಒಬ್ಬನೇ ಬಸ್ಸು ಹತ್ತುತ್ತಾನೆ.